ಸಿಂಹಳದ ಹಾದಿಗಳೂ ಪ್ರವಾಸಕಥನವೂ

ನಮ್ಮ ಕಾವ್ಯಪ್ರಪಂಚದಲ್ಲಿ ಲಂಕೆಯಷ್ಟು ಪ್ರಸಿದ್ಧವಾದ ದ್ವೀಪವು ಮತ್ತೊಂದಿಲ್ಲ. ನಾಗಚಂದ್ರನ ರಾಮಚಂದ್ರಚರಿತಪುರಾಣವನ್ನೋ ತೊರವೆ ರಾಮಾಯಣವನ್ನೋ ಓದಿಸಿ ಕೇಳಿದ ಮನೆಗಳಲ್ಲಿ ಅಲ್ಲಿಯ ಕೋಟೆಕೊತ್ತಳಗಳೂ ಉಪವನಗಳೂ ಚಿಕ್ಕ ಮಕ್ಕಳಿಗೆ ಸಹ ಪರಿಚಿತವಾಗಿರುವುವು. ಆದರೆ ಆ ದ್ವೀಪದ ಒಂದು ಊರಿನಿಂದ ಮತ್ತೊಂದು ಊರಿಗೆ ಹೋಗುವ ದಾರಿ ಯಾವುದೆಂದು ಕೇಳಿದರೆ ನಾವು ನಿರುತ್ತರರಾಗುತ್ತೇವೆ. ಇದಕ್ಕೆ ಕಾರಣವು ದೂರದಲ್ಲಿಲ್ಲ. ಹನುಮಂತನು ಹಾರಿ ಹೋದನು. ವಿಭೀಷಣನು ಆಕಾಶಮಾರ್ಗದಿಂದ ಬಂದನು. ರಾಮನು ಪುಷ್ಪಕವನ್ನೇರಿ ಹಿಂದಿರುಗಿದನು. ಜೈನಕಥೆಯ ವಿದ್ಯಾಧರರಿಗಂತೂ ಹಾರುವುದೇ ಕುಲಧರ್ಮ. ಸೇತುವೆಯ ಮೇಲೆ ನಡೆದು ಹೋದ ಕಪಿಸೇನೆಯು ದಾರಿಯನ್ನು ನೋಡಲು ಹೋದದ್ದಲ್ಲ, ಕಾದಲು ಹೋದದ್ದು. ರಾಮಾಯಣದ ಲಂಕೆಯು ಸಿಂಹಳವೇ ಹೌದೋ ಅಲ್ಲವೋ ಎಂಬ ವಿದ್ವಾಂಸರ ವಿವಾದವನ್ನು ಇಲ್ಲಿ ಎತ್ತುವುದಿಲ್ಲ. ನಮ್ಮ ಮನಸ್ಸಿನಲ್ಲಿರುವ ಲಂಕೆಯಲ್ಲಿ ದಾರಿಗಳಿಲ್ಲ ಎಂಬಷ್ಟೇ ಪ್ರಕೃತ.

ಈಗಲೂ ನಾವು ಹಾರಿಯೇ ಹೋಗುತ್ತೇವೆ. ಬೆಂಗಳೂರಿನಿಂದ ಕೊಲಂಬೋ ನಗರಕ್ಕೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಹೋಗಿ ಬಂದವರು ಬರೆಯುತ್ತಾರೆ, ಬರೆದುದು ಅಚ್ಚಾಗುತ್ತದೆ. ಸೀಗಿರಿಯ ಬಂಡೆ, ಮಹಾನುವರದ ದಂತಮಂದಿರ, ನುವರ ಎಳಿಯದ ಚಹಾತೋಟಗಳು, ಸೀತೆಯಿದ್ದಳೆಂದು ತೋರಿಸುವ ತೊರೆಯ ದಡ, ಇವೆಲ್ಲವೂ ಈ ಬರಹಗಳಲ್ಲಿ ಒಂದರ ಹಿಂದೊಂದು ಬರುತ್ತವೆ. ಒಂದು ಸ್ಥಳಕ್ಕೂ ಮತ್ತೊಂದು ಸ್ಥಳಕ್ಕೂ ನಡುವೆ ‘ಮರುದಿನ ಹೊರಟೆವು’ ಎಂಬ ಮಾತೊಂದನ್ನುಳಿದು ಬೇರೇನೂ ಇರುವುದಿಲ್ಲ. ಇದು ಕೇವಲ ಶೈಲಿಯ ದೋಷವೆಂದು ನಾನು ತಿಳಿದಿದ್ದೆನು. ವಿಚಾರಿಸಿ ನೋಡಿದರೆ ದೋಷವು ಅದಕ್ಕಿಂತ ಆಳವಾದುದೆಂದು ತೋರುತ್ತದೆ. ಸ್ಥಳಗಳು ನೋಡಲಿಕ್ಕಾಗಿ ಇರತಕ್ಕವು. ದಾರಿಗಳಾದರೋ ಆ ದೇಶದ ಜನರು ಬದುಕಲಿಕ್ಕಾಗಿ ಮಾಡಿಕೊಂಡವು, ಅಥವಾ ಅವರನ್ನು ಆಳಲಿಕ್ಕಾಗಿ ಇತರರು ಮಾಡಿದವು. ದಾರಿಯನ್ನು ಬಿಟ್ಟ ಪ್ರವಾಸಕಥನವು ಜನರನ್ನೇ ಬಿಟ್ಟಂತಾಗುತ್ತದೆ. ಈ ಮಾತನ್ನು ಆ ದ್ವೀಪವನ್ನು ಕುರಿತ ಕೆಲವು ಗ್ರಂಥಗಳಿಂದಲೇ ಪರೀಕ್ಷಿಸಬಹುದು.

ಐದನೆಯ ಶತಮಾನದ ಆದಿಯಲ್ಲಿ ತಾಮ್ರಲಿಪ್ತಿಯಿಂದ ಹಡಗನ್ನೇರಿ ಹದಿನಾಲ್ಕು ದಿನಗಳಲ್ಲಿ ಸಿಂಹಳವನ್ನು ಸೇರಿದ ಚೀನದ ಭಿಕ್ಷು ಫಾಹಿಯಾನನು ಅನುರಾಧಪುರದ ವಿಹಾರಗಳನ್ನು ಬಹು ಶ್ರದ್ಧೆಯಿಂದ ವರ್ಣಿಸಿರುವನು. ಆದರೆ ವಾಚಕರ ನೆನಪಿನಲ್ಲಿ ನಿಲ್ಲುವುದು ಆ ವರ್ಣನೆಗಳಲ್ಲ. ಅಭಯಗಿರಿಯಲ್ಲಿ ವರ್ತಕನೊಬ್ಬನು ಬುದ್ಧಪ್ರತಿಮೆಯ ಮುಂದೆ ಅರ್ಪಿಸಿದ್ದ ಚೀನದ ಬಿಳಿಯ ಬೀಸಣಿಗೆಯೊಂದನ್ನು ಕಂಡು ಆ ಭಿಕ್ಷುವಿನ ಕಣ್ಣಲ್ಲಿ ನೀರು ಬಂದಿತೆಂಬ ಒಂದು ಸಂಗತಿಯು ನಿಲ್ಲುತ್ತದೆ. ತಾನು ನಡೆದು ಬಂದ ಹಾದಿಯ ಉದ್ದವೆಲ್ಲವೂ ಆ ಕ್ಷಣದಲ್ಲಿ ಅವನಿಗೆ ತಿಳಿದಂತಾಯಿತು. ಅವನ ಮೂಲಕ ನಮಗೂ ತಿಳಿಯಿತು. 1344ರಲ್ಲಿ ಬಂದ ಇಬ್ನ್ ಬತೂತನು ಶ್ರೀಪಾದಶಿಖರವನ್ನು ಹತ್ತಿದವನು. ಪಲ್ಲಕ್ಕಿಯನ್ನಿತ್ತ ಅರಸು, ಜೊತೆಗೆ ಬಂದ ಜೋಗಿಗಳು, ಕಾಲಿಗೆ ಹತ್ತುವ ಜಿಗಣೆಗಳು, ಅವುಗಳ ಮೇಲೆ ಹಿಂಡಲು ಯಾತ್ರಿಕರು ಒಯ್ಯುವ ನಿಂಬೆಯ ಹಣ್ಣು, ಬಂಡೆಗೆ ಬಿಗಿದ ಕಬ್ಬಿಣದ ಸರಪಳಿಗಳು, ಇವುಗಳಿಂದ ಆ ಬರಹವು ಜೀವ ಪಡೆದಿದೆ. ಶಿಖರವನ್ನು ಇವನಿಗಿಂತ ಚೆನ್ನಾಗಿ ವರ್ಣಿಸಿದವರಿದ್ದಾರು. ಏರುವುದನ್ನು ಹೀಗೆ ವರ್ಣಿಸಿದವರು ವಿರಳ.

ಇವರಿಬ್ಬರೂ ಪರದೇಶದವರು. ಆ ದೇಶದ ಕವಿಗಳೇ ದಾರಿಯನ್ನು ಹೇಗೆ ಕಂಡರೆಂಬುದು ಇನ್ನೂ ಸ್ವಾರಸ್ಯವಾದ ವಿಷಯ. ಕಾಳಿದಾಸನ ಮೇಘದೂತವನ್ನು ಬೇಂದ್ರೆಯವರ ಕನ್ನಡದಲ್ಲಿ ಓದಿ ನಲಿದ ನಮ್ಮವರು ಸಿಂಹಳಭಾಷೆಯ ಸಂದೇಶಕಾವ್ಯಗಳ ಹೆಸರನ್ನು ಸಹ ಕೇಳದಿರುವುದು ವಿಷಾದಕರ. ಹದಿನೈದನೆಯ ಶತಮಾನದಲ್ಲಿ ಕೋಟ್ಟೆಯ ಅರಸು ಆರನೆಯ ಪರಾಕ್ರಮಬಾಹುವಿನ ಕಾಲದಲ್ಲಿ ಈ ಜಾತಿಯ ಕಾವ್ಯಗಳು ವಿಶೇಷವಾಗಿ ಬೆಳೆದುವು. ತೋಟಗಮುವೆಯ ಶ್ರೀರಾಹುಲ ಸ್ಥವಿರನ ಸೆಳಲಿಹಿಣಿ ಸಂದೇಶದಲ್ಲಿ ಹಕ್ಕಿಯು ಕೋಟ್ಟೆಯಿಂದ ಹೊರಟು ಕೆಳನಿಯದಲ್ಲಿ ನೆಲೆಸಿದ ವಿಭೀಷಣದೇವನಿಗೆ ರಾಜಪುತ್ರಿಗೆ ಸಂತಾನವಾಗಲೆಂಬ ಬಿನ್ನಹವನ್ನು ಒಯ್ಯುತ್ತದೆ. ನಮ್ಮಲ್ಲಿ ಅಣ್ಣನನ್ನು ತೊರೆದು ಬಂದವನೆಂದು ಹೆಸರಾದ ವಿಭೀಷಣನು ಅಲ್ಲಿ ಊರು ಕಾಯುವ ದೇವರು! ಆ ಹಕ್ಕಿಯ ಪಯಣವು ಹತ್ತು ಮೈಲಿಗೂ ಕಡಿಮೆ. ಅವನದೇ ಪರೆವಿ ಸಂದೇಶದ ಪಾರಿವಾಳವು ಕೋಟ್ಟೆಯಿಂದ ತೆಂಕಣ ತುದಿಯ ದೇವಿನುವರಕ್ಕೆ ಸುಮಾರು 100 ಮೈಲಿ ಹೋಗುತ್ತದೆ. ಕರ್ತೃವಿನ ಹೆಸರು ತಿಳಿಯದ ಗಿರಾ ಸಂದೇಶದ ಗಿಳಿಯು ಅದೇ ತೀರದ ದಾರಿ ಹಿಡಿದು ತೋಟಗಮುವೆಯ ರಾಹುಲನ ಬಳಿಗೇ ಬರುತ್ತದೆ. ಈ ಕವಿಗಳ ದೂತರೂ ರೆಕ್ಕೆಯುಳ್ಳವರೇ ಸರಿ. ಆದರೆ ಇವು ನೆಲವನ್ನು ಮರೆತು ಹಾರುವ ಹಕ್ಕಿಗಳಲ್ಲ. ಎಲ್ಲಿ ನದಿ ದಾಟಬೇಕು, ಎಲ್ಲಿ ಇರುಳು ತಂಗಬೇಕು ಎಂದು ಕವಿಯು ಹೇಳಿಕೊಡುತ್ತಾನೆ. ಗಿರಾ ಸಂದೇಶದಲ್ಲಿ ನಾನಾ ಊರುಗಳ ದಾರಿಗರು ಅಂಬಲಮ ಎಂಬ ತಂಗುಮನೆಯಲ್ಲಿ ಕೂಡಿ ಮಾತಾಡುವ ಸಂದರ್ಭವೊಂದಿದೆ. ಆ ಕಾವ್ಯದಲ್ಲಿ ಅದೇ ಎಲ್ಲಕ್ಕಿಂತ ಪ್ರಸಿದ್ಧವಾದ ಭಾಗ. ನಮ್ಮ ಅರವಟ್ಟಿಗೆಗಳನ್ನೂ ಛತ್ರಗಳನ್ನೂ ಬಲ್ಲವರಿಗೆ ಅದರ ಸೊಗಸನ್ನು ವಿವರಿಸಬೇಕಾಗಿಲ್ಲ.

ಇಂದು ತೀರದ ರೈಲು ಸಾಗುವ ದಾರಿಯು ಬಹುಮಟ್ಟಿಗೆ ಆ ಪಕ್ಷಿಗಳ ದಾರಿಯೇ. ರಾಹುಲನ ವಿಹಾರವಿದ್ದ ತೆಲ್ವತ್ತೆಯ ಸಮೀಪದಲ್ಲೇ, ಪೆರಲಿಯ ಎಂಬಲ್ಲಿ, 2004ರ ಡಿಸೆಂಬರ್ 26ರಂದು ಕಡಲು ಉಕ್ಕಿ ರೈಲೊಂದನ್ನು ಕೆಡವಿತು. ಸಾವಿರಕ್ಕೂ ಮಿಕ್ಕ ಜನರು ಅಸುನೀಗಿದರು. ಆ ಹಾದಿಯಲ್ಲಿ ಕಿಟಕಿಯ ಪಕ್ಕದಲ್ಲಿ ಕುಳಿತು ಕಡಲಿನ ನೀಲಿಯನ್ನು ಮಾತ್ರ ವರ್ಣಿಸುವ ಲೇಖಕನು ಸುಳ್ಳು ಹೇಳುವುದಿಲ್ಲವಾದರೂ ನಿಜವನ್ನೂ ಹೇಳುವುದಿಲ್ಲ.

ದಾರಿಗೂ ಅಧಿಕಾರಕ್ಕೂ ಇರುವ ಸಂಬಂಧವನ್ನು ಸ್ಪಷ್ಟವಾಗಿ ಕಂಡ ಗ್ರಂಥಕರ್ತನು ರಾಬರ್ಟ್ ನಾಕ್ಸ್. ಬಿರುಗಾಳಿಯಲ್ಲಿ ಹಡಗಿನ ಕೂವೆಮರ ಕಳೆದುಕೊಂಡು ಕೊಟ್ಟಿಯಾರ್ ಕೊಲ್ಲಿಗೆ ಬಂದ ಆಂಗ್ಲರಲ್ಲಿ ಅವನೊಬ್ಬ. 1660ರಲ್ಲಿ ಮಹಾನುವರದ ಅರಸು ಎರಡನೆಯ ರಾಜಸಿಂಹನ ಸೆರೆಯಾಳಾಗಿ, 1679ರಲ್ಲಿ ತಪ್ಪಿಸಿಕೊಂಡು, 1681ರಲ್ಲಿ ಲಂಡನ್ನಿನಲ್ಲಿ ತನ್ನ ಗ್ರಂಥವನ್ನು ಅಚ್ಚು ಹಾಕಿಸಿದನು. ಅವನು ಕಂಡ ರಾಜ್ಯದಲ್ಲಿ ದಾರಿಗಳು ಬೇಕೆಂದೇ ಇಕ್ಕಟ್ಟಾಗಿದ್ದುವು. ಕಾಡೇ ಅರಸನ ಕೋಟೆ. ದಾರಿಗಳಿಗೆ ಮುಳ್ಳಿನ ಬಾಗಿಲುಗಳು. ಹಾದು ಹೋಗುವವರಿಗೆ ಮಣ್ಣಿನ ಮುದ್ರೆಯೇ ರಹದಾರಿ. ಸಿಪಾಯಿಯಾದರೆ ಈಟಿ ಹೊತ್ತವನ ಚಿತ್ರ, ಕೂಲಿಯಾದರೆ ಅಡ್ಡೆ ಹೊತ್ತವನ ಚಿತ್ರ, ಬಿಳಿಯನಾದರೆ ಟೋಪಿ ಇಟ್ಟು ಕತ್ತಿ ಕಟ್ಟಿದವನ ಚಿತ್ರ. ಈ ಒಂದು ವಿವರದಲ್ಲಿ ಒಂದು ರಾಜ್ಯದ ನಡೆಯೇ ಅಡಗಿದೆ. ನಾಕ್ಸನಿಗೆ ಇದು ತಿಳಿದುದು ಅವನು ಟೋಪಿ ಹೆಣೆದು ಮಾರುತ್ತ ಊರೂರು ಅಲೆದ ಕಾರಣದಿಂದ. ಕಡೆಗೆ ಆ ವ್ಯಾಪಾರದ ನೆವದಿಂದಲೇ ಅನುರಾಧಪುರದ ಕಡೆಗೆ ಸರಿದು, ಒಬ್ಬ ಸಂಗಡಿಗನೊಡನೆ ಮಲ್ವತು ಹೊಳೆಯ ಜಾಡು ಹಿಡಿದು ಡಚ್ಚರ ಅರಿಪ್ಪು ಕೋಟೆಯನ್ನು ಮುಟ್ಟಿದನು. ಅವನ ವಾಕ್ಯಗಳಲ್ಲಿ ಅಲಂಕಾರವಿಲ್ಲ; ಪ್ರತಿಯೊಂದು ದಾರಿಯೂ ಅವನಿಗೆ ಪ್ರಾಣದ ಪ್ರಶ್ನೆಯಾಗಿದ್ದುದರಿಂದ ಅಲಂಕಾರ ಬೇಕಾಗಿಯೂ ಇರಲಿಲ್ಲ.

1815ರಲ್ಲಿ ಮಹಾನುವರವು ಆಂಗ್ಲರ ವಶವಾಯಿತು. ರಾಜಸಿಂಹನು ದಾರಿಯಿಲ್ಲದೆ ಇಟ್ಟು ಕಾದುಕೊಂಡ ರಾಜ್ಯವನ್ನು ಅವರು ದಾರಿ ಮಾಡಿಯೇ ಹಿಡಿದಿಟ್ಟುಕೊಂಡರು. ಮೊದಲು ಕಡುಗನ್ನಾವದ ಘಾಟಿಯ ರಸ್ತೆ, ಬಳಿಕ 1867ರಲ್ಲಿ ಮಹಾನುವರದ ರೈಲು, 1924ರಲ್ಲಿ ಬದುಳ್ಳದವರೆಗಿನ ರೈಲು. ಪ್ರವಾಸಿಗಳು ಹೊಗಳಿ ದಣಿಯದ ಈ ಬೆಟ್ಟದ ಹಾದಿಯು ನೋಟಕ್ಕಾಗಿ ಹುಟ್ಟಿದುದಲ್ಲ. ಮೊದಲು ಕಾಫಿಯನ್ನು, ಆಮೇಲೆ ಚಹವನ್ನು ಬಂದರಿಗೆ ಇಳಿಸಲು ಹುಟ್ಟಿದುದು. ಆ ತೋಟಗಳಲ್ಲಿ ದುಡಿದ ತಮಿಳು ಕೂಲಿಗಳು ಮನ್ನಾರಿನ ತೀರದಲ್ಲಿಳಿದು ಮಾತಳೆಯವರೆಗೆ ಕಾಡಿನ ನಡುವೆ ಕಾಲ್ನಡಿಗೆಯಿಂದ ಬಂದರು. ಅನೇಕರು ದಾರಿಯಲ್ಲೇ ಮಡಿದರು. ಫಾಹಿಯಾನನ ಕಣ್ಣೀರು ಗ್ರಂಥದಲ್ಲಿ ಉಳಿಯಿತು, ಇವರದು ಉಳಿಯಲಿಲ್ಲ. ಲೆನರ್ಡ್ ವುಲ್ಫ್ 1904ರಿಂದ 1911ರವರೆಗೆ ಅಲ್ಲಿ ಅಧಿಕಾರಿಯಾಗಿದ್ದು 1913ರಲ್ಲಿ ಪ್ರಕಟಿಸಿದ ‘ದಿ ವಿಲೇಜ್ ಇನ್ ದಿ ಜಂಗಲ್’ ಕಾದಂಬರಿಯು ಕಾಡು ನುಂಗಿದ ಹಳ್ಳಿಯೊಂದರ ಕಥೆ. ಸಿಂಹಳದ ರೈತನ ದೃಷ್ಟಿಯಿಂದ ನೋಡಬಲ್ಲ ಸಹಾನುಭೂತಿ ಅದರಲ್ಲಿದೆ. ಆದರೆ ತೋಟದ ಕೂಲಿಯ ಹಾದಿ ಅದರ ವಿಷಯವಲ್ಲ. ಆ ಹಾದಿಗೆ ಮಾತು ಕೊಟ್ಟವರು ತೋಟದಲ್ಲೇ ಹುಟ್ಟಿ, ಅಲ್ಲಿಯ ಜನಪದಗೀತೆಗಳನ್ನು ಸಂಗ್ರಹಿಸಿ, 1947ರಲ್ಲಿ ಶಾಸನಸಭೆಗೂ ಆರಿಸಿ ಹೋದ ಕವಿ ಸಿ. ವಿ. ವೇಲುಪಿಳ್ಳೆಯವರು. ಮರುವರ್ಷದ ಪೌರತ್ವಶಾಸನದಿಂದ ಆ ಜನರಲ್ಲಿ ಬಹುಪಾಲಿನವರು ಯಾವ ದೇಶದವರೂ ಅಲ್ಲವೆಂದಾಯಿತು.

ಇದರಿಂದ ನಮಗೇನು ಎಂದು ಕೇಳಬಹುದು. 1964ರಲ್ಲಿ ಸಿರಿಮಾವೋ ಬಂಡಾರನಾಯಿಕೆಯವರಿಗೂ ಲಾಲ್ ಬಹಾದುರ್ ಶಾಸ್ತ್ರಿಯವರಿಗೂ ಆದ ಒಪ್ಪಂದದ ಮೇರೆಗೆ ಭಾರತಕ್ಕೆ ಮರಳಿಸಲ್ಪಟ್ಟ ಈ ಕುಟುಂಬಗಳಲ್ಲಿ ಕೆಲವು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರು ಸೀಮೆಗಳ ರಬ್ಬರು ತೋಟಗಳಲ್ಲಿ ನೆಲೆಗೊಳಿಸಲ್ಪಟ್ಟುವು. ಅಜ್ಜನು ನಡೆದು ಹೋದ ಹಾದಿಯಲ್ಲಿ ಮೊಮ್ಮಗನು ಹಡಗಿನಿಂದಲೂ ರೈಲಿನಿಂದಲೂ ಹಿಂದಿರುಗಿ, ತಾನೆಂದೂ ಕಾಣದ ಸೀಮೆಯನ್ನು ‘ಸ್ವದೇಶ’ವೆಂದು ಒಪ್ಪಬೇಕಾಯಿತು. ನುವರ ಎಳಿಯದ ಇಳಿಜಾರುಗಳನ್ನು ನೋಡಲು ಕಡಲು ದಾಟಿ ಹೋದ ನಮ್ಮ ಲೇಖಕನು, ಆ ಇಳಿಜಾರುಗಳಿಗೆ ಹಸಿರು ಹೊದಿಸಿದವರ ಮಕ್ಕಳು ತನ್ನ ಜಿಲ್ಲೆಗೇ ಬಂದಿದ್ದರೆಂಬುದನ್ನು ಅರಿಯದೆ ಬರೆಯುತ್ತಾನೆ. ಇದನ್ನು ಶೈಲಿಯ ದೋಷವೆಂದು ಕರೆಯಲು ನನಗೆ ಈಗ ಮನಸ್ಸಿಲ್ಲ.

ಪ್ರವಾಸಕಥನವು ಆನಂದಕ್ಕಾಗಿ ಓದತಕ್ಕದ್ದು, ಅದಕ್ಕೆ ಚರಿತ್ರೆಯ ಹೊರೆಯನ್ನು ಹೊರಿಸುವುದು ಅನ್ಯಾಯವೆಂದು ಆಕ್ಷೇಪಿಸುವವರೂ ಉಂಟು. ಆಕ್ಷೇಪವು ಪೂರ್ತಿ ಹುರುಳಿಲ್ಲದ್ದಲ್ಲ. ಸಂಗತಿಗಳ ಪಟ್ಟಿಯು ಸ್ಥಳಗಳ ಪಟ್ಟಿಗಿಂತ ರುಚಿಕರವಾದುದೇನೂ ಅಲ್ಲ. ಆದರೆ ಮೇಲೆ ಹೇಳಿದ ಗ್ರಂಥಗಳಲ್ಲಿ ಆನಂದವಿರುವುದೂ ದಾರಿಯಲ್ಲಿಯೇ: ಬೀಸಣಿಗೆ, ನಿಂಬೆಯ ಹಣ್ಣು, ತಂಗುಮನೆಯ ಹರಟೆ, ಮಣ್ಣಿನ ಮುದ್ರೆ. ನಮ್ಮಲ್ಲಿಯೂ ಇದಕ್ಕೆ ಮಾದರಿಯಿಲ್ಲದೆ ಇಲ್ಲ, ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯನ್ನು ಓದಿದವರು ಇದನ್ನು ಒಪ್ಪುವರು.

ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗು ದಾಟಿಸುತ್ತಿದ್ದ ಹಳೆಯ ಮಾರ್ಗವು 1964ರ ಡಿಸೆಂಬರಿನ ಬಿರುಗಾಳಿಯಲ್ಲಿ ಆ ಊರಿನೊಡನೆ ಅಳಿಯಿತು. 2023ರಲ್ಲಿ ನಾಗಪಟ್ಟಣದಿಂದ ಕಾಂಕೇಸನ್‌ತುರೈಗೆ ಪ್ರಯಾಣಿಕರ ಹಡಗು ಹೊರಟಿತೆಂಬ ಸುದ್ದಿಯನ್ನು ಓದಿದಾಗ, ಆ ನಿಧಾನದ ದಾರಿಯಲ್ಲಿ ಹೋಗಿ ಬರೆಯತಕ್ಕ ಕನ್ನಡಿಗನೊಬ್ಬನು ಹುಟ್ಟಲೆಂದು ಆಶಿಸಿದೆನು. ಅವನು ಎಲ್ಲ ಸ್ಥಳಗಳನ್ನೂ ನೋಡದಿದ್ದರೆ ಚಿಂತೆಯಿಲ್ಲ. ಯಾವುದಾದರೊಂದು ತಂಗುಮನೆಯಲ್ಲಿ ಕುಳಿತು, ಪಕ್ಕದವನು ಎಲ್ಲಿಂದ ಬಂದನು, ಯಾವ ಹಾದಿಯಿಂದ ಬಂದನು ಎಂದು ಕೇಳಿ ಬರೆದರೆ ಸಾಕು.