ಸೊಗಸಾದ ಕೋಡ್ ಮತ್ತು ಒಂದೇ ಮರ: ಪಾರ್ಸಿಂಗ್ ಲೈಬ್ರರಿಗಳೊಳಗಿನ ವ್ಯಾಕರಣ ಕಲ್ಪನೆ

ಪ್ರೋಗ್ರಾಮಿಂಗ್ ಭಾಷೆಗಳಿಗಾಗಿ ರೂಪುಗೊಂಡ ಮುಕ್ತ ಆಕರದ ಪಾರ್ಸಿಂಗ್ ಲೈಬ್ರರಿಗಳು ಇಂದು ಭಾಷಾವಿಜ್ಞಾನದ ಸಂಶೋಧನಾರ್ಥಿಗಳಿಗೂ ಸುಲಭವಾಗಿ ಎಟುಕುತ್ತವೆ. ನಿಯಮವನ್ನು ಬರೆದ ಹಾಗೆಯೇ ಅದು ಓಡುವ ಪ್ರೋಗ್ರಾಮೂ ಆಗುತ್ತದೆ ಎಂಬುದು ಇವುಗಳ ಮುಖ್ಯ ಆಕರ್ಷಣೆ. ಈ ಆಕರ್ಷಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ 'ಸೊಗಸು' ಎಂದು ಹೊಗಳಿಸಿಕೊಳ್ಳುವ ಗುಣದ ಬೆನ್ನಿಗೆ ವ್ಯಾಕರಣದ ಒಂದು ಸಿದ್ಧಾಂತವೂ ಇದೆ. ಲೈಬ್ರರಿಯನ್ನು ಆರಿಸಿಕೊಂಡವರು ಅರಿವಿಲ್ಲದೆಯೇ ಆ ಸಿದ್ಧಾಂತವನ್ನೂ ಒಪ್ಪಿಕೊಂಡಿರುತ್ತಾರೆ. ಕನ್ನಡದಂತಹ ಭಾಷೆಯ ವಿಶ್ಲೇಷಣೆಯಲ್ಲಿ ಈ ಒಪ್ಪಿಗೆಗೆ ತೆರಬೇಕಾದ ಬೆಲೆ ಸಣ್ಣದಲ್ಲ ಎಂಬುದು ನಮ್ಮ ವಾದ.

ಮೊದಲು ಚರಿತ್ರೆಯ ಒಂದು ತಿರುವನ್ನು ಗಮನಿಸಬೇಕು. 1985ರಲ್ಲಿ ಫಿಲಿಪ್ ವಾಡ್ಲರ್ ಮಂಡಿಸಿದ ವಿಧಾನದಲ್ಲಿ ಪಾರ್ಸರ್ ಎಂದರೆ ಒಂದು ಫಂಕ್ಷನ್. ಅದು ಹಿಂತಿರುಗಿಸುವುದು ಒಂದು ಫಲಿತಾಂಶವನ್ನಲ್ಲ, ಸಾಧ್ಯವಿರುವ ಎಲ್ಲ ಫಲಿತಾಂಶಗಳ ಪಟ್ಟಿಯನ್ನು. ಪಟ್ಟಿ ಖಾಲಿಯಾಗಿದ್ದರೆ ವಿಶ್ಲೇಷಣೆ ಸೋತಿದೆ. ಎರಡು ಸದಸ್ಯರಿದ್ದರೆ ವಾಕ್ಯ ಸಂದಿಗ್ಧವಾಗಿದೆ. ಸೋಲು, ಗೆಲುವು, ಸಂದಿಗ್ಧತೆ ಮೂರಕ್ಕೂ ಒಂದೇ ರಚನೆ ಸಾಕಾಗುವ ಈ ವಿಧಾನಕ್ಕಿಂತ ಸೊಗಸಾದುದು ಈ ಕ್ಷೇತ್ರದಲ್ಲಿ ಮತ್ತೊಂದು ಬಂದಿದೆ ಎಂದು ನಮಗನ್ನಿಸುವುದಿಲ್ಲ. 2001ರಲ್ಲಿ ಡಾನ್ ಲೇಯೆನ್ ಮತ್ತು ಎರಿಕ್ ಮೈಯರ್ ಹ್ಯಾಸ್ಕೆಲ್ ಭಾಷೆಗಾಗಿ ಪರಿಚಯಿಸಿದ ಪಾರ್ಸೆಕ್ ಲೈಬ್ರರಿ ಈ ಪಟ್ಟಿಯನ್ನು ಕೈಬಿಟ್ಟಿತು. ಮೊದಲ ಪರ್ಯಾಯವು ಒಂದಕ್ಷರವನ್ನಾದರೂ ನುಂಗಿದ್ದರೆ, ಬೇರೆ ರೀತಿ ಹೇಳದ ಹೊರತು ಎರಡನೆಯದರತ್ತ ಅದು ನೋಡುವುದಿಲ್ಲ. ವೇಗ ಹೆಚ್ಚಿತು, ದೋಷಸೂಚನೆಗಳು ಸ್ಪಷ್ಟವಾದವು. ಕಂಪೈಲರ್ ಬರೆಯುವವರಿಗೆ ಬೇಕಾಗಿದ್ದುದು ಅದೇ. ಸಂದಿಗ್ಧತೆ ಮಾತ್ರ ದತ್ತಾಂಶದ ಸ್ಥಾನದಿಂದ ಇಳಿದು ಅಡಚಣೆಯಾಯಿತು.

2004ರಲ್ಲಿ ಬ್ರಯನ್ ಫೋರ್ಡ್ ಮಂಡಿಸಿದ ಪಾರ್ಸಿಂಗ್ ಎಕ್ಸ್‌ಪ್ರೆಶನ್ ಗ್ರಾಮರ್, ಅಂದರೆ ಪೆಗ್, ಇದನ್ನು ತಾತ್ವಿಕ ನಿಲುವಾಗಿಯೇ ಮುಂದಿಟ್ಟಿತು. ಪೆಗ್‌ನಲ್ಲಿ ಪರ್ಯಾಯಗಳಿಗೆ ಕ್ರಮವಿದೆ: ಮೊದಲನೆಯದು ಗೆದ್ದರೆ ಎರಡನೆಯದು ಇಲ್ಲ. ಹಾಗಾಗಿ ಪ್ರತಿ ವಾಕ್ಯಕ್ಕೂ ಹೆಚ್ಚೆಂದರೆ ಒಂದು ಮರ. 'ಬಂದ' ಎಂಬ ರೂಪವನ್ನು ನೋಡೋಣ. ಇದು ಪೂರ್ಣಕ್ರಿಯೆಯೂ ಹೌದು, ನಾಮಪದಕ್ಕೆ ವಿಶೇಷಣವಾಗುವ ಕೃದಂತವೂ ಹೌದು. ಕ್ರಿಯಾರೂಪದ ನಿಯಮದಲ್ಲಿ ಪೂರ್ಣಕ್ರಿಯೆಯನ್ನು ಮೊದಲು, ಕೃದಂತವನ್ನು ಆಮೇಲೆ ಬರೆದರೆ 'ಊರಿಂದ ಬಂದ ಹುಡುಗ ನಕ್ಕ' ಎಂಬ ವಾಕ್ಯ ದಾಟುವುದಿಲ್ಲ. 'ಬಂದ' ಎಂಬಲ್ಲಿ ಮೊದಲ ಪರ್ಯಾಯ ಗೆದ್ದ ಮೇಲೆ, ಮುಂದೆ ಏನೇ ಎಡವಿದರೂ ಆ ಆಯ್ಕೆ ಮತ್ತೆ ತೆರೆಯದು. 'ಬಂದ'ವನ್ನು 'ಬಂದರು'ವಿಗಿಂತ ಮೊದಲು ಬರೆದರಂತೂ 'ಬಂದರು' ಎಂದೂ ಗುರುತಾಗದು. ಕನ್ನಡ ವ್ಯಾಕರಣದ ಯಾವ ಸತ್ಯವೂ ಹೇಳದ ಅನುಕ್ರಮವೊಂದು ಇಲ್ಲಿ ವಾಕ್ಯದ ಭವಿಷ್ಯವನ್ನು ನಿರ್ಧರಿಸುತ್ತದೆ.

ಪದರಚನೆಯ ಮಟ್ಟದಲ್ಲೂ ಇದೇ ಕತೆ. 'ಪ್ರಕೃತಿ ಎಂದರೆ ಒಂದು ಅಥವಾ ಹೆಚ್ಚು ಅಕ್ಷರಗಳು, ಅದರ ಮೇಲೆ ಗಳು' ಎಂದು ಪೆಗ್‌ನಲ್ಲಿ ಬರೆದರೆ ಆ ನಿಯಮ ಎಂದೂ ಗೆಲ್ಲುವುದಿಲ್ಲ. ಪ್ರಕೃತಿಯೇ ಇಡೀ ಪದವನ್ನು ನುಂಗಿಬಿಡುತ್ತದೆ, ನುಂಗಿದ್ದನ್ನು ಹಿಂದಕ್ಕೆ ಕೊಡುವ ವ್ಯವಸ್ಥೆ ಇಲ್ಲ. 'ಮುಂದೆ ಗಳು ಇಲ್ಲದಿದ್ದರೆ ಮಾತ್ರ ಅಕ್ಷರ' ಎಂಬ ಮುನ್ನೋಟದ ಷರತ್ತು ಸೇರಿಸಿದರೆ 'ಮರಗಳು' ಸರಿಯಾಗಿ ಒಡೆಯುತ್ತದೆ. ಜೊತೆಗೆ 'ಮಗಳು' ಎಂಬುದು 'ಮ' ಎಂಬುದರ ಬಹುವಚನವಾಗುತ್ತದೆ! 'ತಿಂಗಳುಗಳು' ಎಂಬಲ್ಲಿ ಮೊದಲ 'ಗಳು'ವಿನಲ್ಲೇ ಕತ್ತರಿ ಬಿದ್ದು, ಕೊನೆಯ 'ಗಳು' ಅನಾಥವಾಗುತ್ತದೆ. ಅಪವಾದಗಳ ಪಟ್ಟಿಯನ್ನು ಮೊದಲು ಇಟ್ಟರಾಯಿತು ಎಂಬ ಉತ್ತರ ಸಿದ್ಧವಾಗಿಯೇ ಇದೆ. ಇಂತಹ ಸಂದರ್ಭದಲ್ಲಿ ಪಾಣಿನಿಯ ಹೆಸರೂ ಕೇಳಿಬರುವುದುಂಟು. 1967ರಲ್ಲಿ ಪೀಟರ್ ಇಂಗರ್‌ಮನ್ ಬ್ಯಾಕಸ್ ರೂಪವನ್ನು ಪಾಣಿನಿ-ಬ್ಯಾಕಸ್ ರೂಪವೆಂದು ಕರೆಯಬೇಕೆಂದು ಸೂಚಿಸಿದ್ದರು ಕೂಡ. ಆದರೆ ಅಪವಾದವು ಉತ್ಸರ್ಗವನ್ನು ಬಾಧಿಸುವುದು ಅದರ ವಿಷಯ ಹೆಚ್ಚು ನಿರ್ದಿಷ್ಟವಾಗಿರುವುದರಿಂದ. ಪುಟದಲ್ಲಿ ಮೇಲೆ ಇರುವುದರಿಂದಲ್ಲ. ವಿಕಲ್ಪ ಇರುವಲ್ಲಿ ಅಷ್ಟಾಧ್ಯಾಯಿ ಅದನ್ನು ವಿಕಲ್ಪವೆಂದೇ ಹೇಳುತ್ತದೆ. ಪೆಗ್‌ಗೆ ವಿಕಲ್ಪವೆಂಬುದೇ ಗೊತ್ತಿಲ್ಲ.

ನಮ್ಮ ಮುಖ್ಯ ಆಕ್ಷೇಪ ಇರುವುದು ಎಡ ಪುನರಾವರ್ತನೆಯ ವಿಷಯದಲ್ಲಿ. 'ಊರಿನ ಶಾಲೆಯ ಮೇಷ್ಟ್ರ ಮನೆ' ಎಂಬ ಗುಚ್ಛದಲ್ಲಿ ಶಿರಪದ ಕೊನೆಯಲ್ಲಿದೆ, ಅದರ ಎಡಕ್ಕೆ ಷಷ್ಠ್ಯಂತಗಳು ಒಂದರೊಳಗೊಂದು ಸೇರಿಕೊಂಡಿವೆ. ನಾಮಗುಚ್ಛವೆಂದರೆ ಷಷ್ಠಿಯ ನಾಮಗುಚ್ಛ ಮತ್ತು ನಾಮಪದ ಎಂಬುದು ಇದರ ಸಹಜ ನಿಯಮ. ಮೇಲಿನಿಂದ ಕೆಳಕ್ಕೆ ಇಳಿಯುವ ಪಾರ್ಸರ್‌ಗೆ ಇದನ್ನು ಕೊಟ್ಟರೆ, ನಾಮಗುಚ್ಛವನ್ನು ಗುರುತಿಸಲು ಅದು ಮೊದಲು ನಾಮಗುಚ್ಛವನ್ನೇ ಕರೆಯುತ್ತದೆ. ಒಂದಕ್ಷರವನ್ನೂ ಓದದೆ ಅನಂತವಾಗಿ ಸುತ್ತುತ್ತದೆ. ಆದುದರಿಂದ ವ್ಯಾಕರಣವನ್ನೇ ತಿದ್ದಿ ಬರೆಯಿರಿ ಎಂಬುದು ರೂಢಿಯ ಸಲಹೆ. ಶಿರಪದವನ್ನು ಕೊನೆಗೆ ಇಡುವ ಭಾಷೆಯ ಮೂಲ ವಿನ್ಯಾಸವೇ ಹೀಗೆ ಬರೆದವರ ತಪ್ಪಾಗಿ ಪರಿಣಮಿಸುತ್ತದೆ.

ತಿದ್ದಿ ಬರೆದಾಗ ಒಪ್ಪಿತವಾಗುವ ಪದಸರಣಿಗಳು ಬದಲಾಗುವುದಿಲ್ಲ, ಮರಗಳು ಬದಲಾಗುತ್ತವೆ. ದುರ್ಬಲ ಹಾಗೂ ಪ್ರಬಲ ಉತ್ಪಾದಕ ಸಾಮರ್ಥ್ಯಗಳ ನಡುವೆ ಚಾಮ್‌ಸ್ಕಿ ಮಾಡಿದ ಭೇದ ಇಲ್ಲಿ ಪಠ್ಯಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಸರಪಳಿಯನ್ನು ಓದಿ ಆಮೇಲೆ ಎಡಕ್ಕೆ ಮಡಚುವ ಸಾಧನ ಪಾರ್ಸೆಕ್‌ನಲ್ಲಿದೆ ನಿಜ. ಆದರೆ 'ಹೊಸ ಊರಿನ ಶಾಲೆಯ ಮೇಷ್ಟ್ರು' ಎಂಬುದಕ್ಕೆ ಐದು ಮರಗಳು ಸಾಧ್ಯ. 'ಹೊಸ' ಎಂಬುದು ಊರಿಗೋ ಶಾಲೆಗೋ ಮೇಷ್ಟ್ರಿಗೋ ಎಂಬುದನ್ನಷ್ಟೇ ಕೇಳಿದರೂ ಮೂರು ಓದುಗಳಿವೆ. ಮಡಚುವ ಸಾಧನ ಊರನ್ನು ಹೊಸದಾಗಿಸಿ ಮುಗಿಸುತ್ತದೆ. ಇಂತಹ ರಚನೆಗಳಲ್ಲಿ ಮರಗಳ ಸಂಖ್ಯೆ ಕ್ಯಾಟಲನ್ ಸಂಖ್ಯೆಗಳಂತೆ 2, 5, 14 ಎಂದು ಬೆಳೆಯುವುದನ್ನು ಕೆನೆತ್ ಚರ್ಚ್ ಮತ್ತು ರಮೇಶ್ ಪಾಟೀಲ್ 1982ರಲ್ಲೇ ಚರ್ಚಿಸಿದ್ದರು. ಆ ಬೆಳವಣಿಗೆಯನ್ನು ವಿವರಿಸುವುದು ನಮ್ಮ ಕೆಲಸ. ಅದು ಕಾಣದ ಹಾಗೆ ಮಾಡುವುದು ಲೈಬ್ರರಿಯ ಕೆಲಸ.

ಎಡ ಪುನರಾವರ್ತನೆಯ ತೊಡಕು ಪರಿಹಾರವಾಗಿದೆಯಲ್ಲ ಎಂದು ಕೇಳಬಹುದು. 2008ರಲ್ಲಿ ವಾರ್ತ್ ಮತ್ತು ಸಂಗಡಿಗರು ಪೆಗ್‌ಗೆ ಅದನ್ನು ಅಳವಡಿಸುವ ದಾರಿ ತೋರಿಸಿದರು. ಪೈಥಾನ್ ಭಾಷೆಯೇ 2020ರ 3.9ನೆಯ ಆವೃತ್ತಿಯಲ್ಲಿ ಇಂತಹ ಪಾರ್ಸರ್‌ಗೆ ಬದಲಾಯಿತು. ಆಂಟ್ಲರ್ 4 ಕೂಡ ನೇರ ಎಡ ಪುನರಾವರ್ತನೆಯನ್ನು ಒಪ್ಪುತ್ತದೆ. ಇವೆಲ್ಲ ಸುತ್ತುವಿಕೆಯನ್ನು ನಿಲ್ಲಿಸಿದವು. ಒಂದೇ ಮರವೆಂಬ ನಿಲುವನ್ನಲ್ಲ.

ಬೇರೆ ದಾರಿಗಳಿಲ್ಲದೆ ಇಲ್ಲ. ಜೇ ಅರ್ಲಿ 1970ರಲ್ಲಿ ಪ್ರಕಟಿಸಿದ ವಿಧಾನ ಸಂದರ್ಭಮುಕ್ತ ವ್ಯಾಕರಣ ಯಾವುದೇ ಇರಲಿ, ಎಡ ಪುನರಾವರ್ತನೆ, ಸಂದಿಗ್ಧತೆ ಎರಡನ್ನೂ ಸಹಿಸುತ್ತದೆ. ಕೆಟ್ಟ ಸ್ಥಿತಿಯಲ್ಲಿ ಕಾಲವ್ಯಯವು ವಾಕ್ಯದ ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಹತ್ತು ಹದಿನೈದು ಪದಗಳ ವಾಕ್ಯಗಳನ್ನು ಪರೀಕ್ಷಿಸುವವರಿಗೆ ಅದು ಭಾರವೇ ಅಲ್ಲ. ಪೈಥಾನ್‌ನ ಲಾರ್ಕ್ ಲೈಬ್ರರಿಯಲ್ಲಿ ಅರ್ಲಿ ವಿಧಾನವಿದೆ. ಎಚ್ಚರ ಬೇಕಾದುದು ಅಲ್ಲೂ ಇದೆ: ತಾನಾಗಿ ಬಿಟ್ಟರೆ ಲಾರ್ಕ್ ಸಂದಿಗ್ಧತೆಯನ್ನು ತಾನೇ ಬಗೆಹರಿಸಿ ಒಂದು ಮರವನ್ನು ಕೊಡುತ್ತದೆ, ಎಲ್ಲವೂ ಬೇಕೆಂದು ಪ್ರತ್ಯೇಕವಾಗಿ ಕೇಳಬೇಕು. ಎನ್‌ಎಲ್‌ಟಿಕೆಯಲ್ಲಿ ಚಾರ್ಟ್ ಪಾರ್ಸರ್ ಎಲ್ಲ ಮರಗಳನ್ನು ಕೊಡುತ್ತದೆ, ಅದರ ಶಿಫ್ಟ್-ರೆಡ್ಯೂಸ್ ಪಾರ್ಸರ್ ಒಂದನ್ನು ಮಾತ್ರ. ಆರ್ನೆ ರಾಂಟಾ ಅವರ ಗ್ರಾಮ್ಯಾಟಿಕಲ್ ಫ್ರೇಮ್‌ವರ್ಕ್ ಅಮೂರ್ತ ವಾಕ್ಯರಚನೆಯನ್ನು ಭಾಷೆಯ ಮೂರ್ತ ರೂಪದಿಂದ ಬೇರ್ಪಡಿಸಿ, ಸಿಗುವ ಮರಗಳನ್ನೆಲ್ಲ ಹಿಂತಿರುಗಿಸುತ್ತದೆ. ಕಲಿಯುವುದು ಸುಲಭವಲ್ಲ, ಆದರೂ ನಮ್ಮ ಒಲವು ಅದರ ಕಡೆಗೇ.

ಪಾರ್ಸರ್ ಯಾವುದೇ ಇರಲಿ, ಅದಕ್ಕೂ ಮೊದಲಿನ ಹಂತವನ್ನು ನೋಡಿಕೊಳ್ಳಬೇಕು. ಪೈಥಾನ್‌ನ ಅಂತರ್ಗತ ರೆಗ್ಯುಲರ್ ಎಕ್ಸ್‌ಪ್ರೆಶನ್ ಸೌಲಭ್ಯವು ಸ್ವರಚಿಹ್ನೆ ಮತ್ತು ಹಲಂತಗಳನ್ನು ಪದಾಕ್ಷರಗಳೆಂದು ಎಣಿಸುವುದಿಲ್ಲ. ಅದನ್ನೇ ನಂಬಿದ ಎನ್‌ಎಲ್‌ಟಿಕೆಯ ಪದ ಮತ್ತು ವಿರಾಮಚಿಹ್ನೆ ವಿಭಜಕಕ್ಕೆ 'ಕನ್ನಡ' ಎಂದು ಕೊಟ್ಟರೆ 'ಕನ', ಒಂಟಿ ಹಲಂತ ಮತ್ತು 'ನಡ' ಎಂಬ ಮೂರು ತುಂಡುಗಳು ಸಿಗುತ್ತವೆ. ಇದು ತಿದ್ದಬಹುದಾದ ದೋಷ. 'ಊರಲ್ಲಿ' ಎಂಬುದರ ತೊಡಕು ಇನ್ನೂ ಆಳದ್ದು: ಲೋಪಸಂಧಿಯಾದ ಮೇಲೆ 'ಅಲ್ಲಿ'ಯ ಅಕಾರ ರಕಾರದೊಳಗೆ ಅಡಗಿರುತ್ತದೆ, ಯೂನಿಕೋಡ್ ಸರಣಿಯಲ್ಲಿ ಅದಕ್ಕೆ ಸ್ವಂತ ಸಂಕೇತವೇ ಇಲ್ಲ. ಪ್ರಕೃತಿ ಮತ್ತು ಪ್ರತ್ಯಯಗಳ ಗಡಿ ಎರಡು ಸಂಕೇತಗಳ ನಡುವೆ ಎಲ್ಲೋ ಇರಲೇಬೇಕೆಂದು ಊಹಿಸುವ ಲೈಬ್ರರಿಗೆ ಇಲ್ಲಿ ಕತ್ತರಿಸಲು ಜಾಗವಿಲ್ಲ.

ಆದುದರಿಂದ ಪಾರ್ಸರ್ ಆಧಾರಿತ ಪ್ರಬಂಧಗಳ ವಿಮರ್ಶಕರು ಎಷ್ಟು ವಾಕ್ಯಗಳು ದಾಟಿದವು ಎಂದು ಕೇಳಿ ಸುಮ್ಮನಾಗಬಾರದು. ಪ್ರತಿ ವಾಕ್ಯಕ್ಕೆ ಎಷ್ಟು ಮರಗಳು ಬಂದವು, ನಿಯಮಗಳ ಅನುಕ್ರಮ ಬದಲಿಸಿದಾಗ ಅವು ಬದಲಾದವೇ, ಲೈಬ್ರರಿಗಾಗಿ ಯಾವ ನಿಯಮಗಳನ್ನು ತಿದ್ದಿ ಬರೆಯಲಾಯಿತು ಎಂಬ ವಿವರಗಳನ್ನೂ ಕೇಳಬೇಕು. ತಿದ್ದುವ ಮೊದಲಿನ ವ್ಯಾಕರಣವನ್ನು ಅನುಬಂಧದಲ್ಲಿ ಕೊಡಲು ಹೆಚ್ಚೆಂದರೆ ಎರಡು ಪುಟ ಬೇಕಾದೀತು.