ಸೈನಿಕರ ಗುಂಡಿಗಳೂ ಇತಿಹಾಸದ ಪ್ರಮಾಣವೂ

ಹಳೆಯ ಯುದ್ಧಭೂಮಿಗಳಲ್ಲಿಯೂ ದಂಡು ಬೀಡುಬಿಟ್ಟಿದ್ದ ಬಯಲುಗಳಲ್ಲಿಯೂ ಲೋಹಶೋಧಕ ಯಂತ್ರವನ್ನು ಹಿಡಿದು ಸೈನಿಕರ ಅಂಗಿಯ ಗುಂಡಿಗಳನ್ನು ಹುಡುಕುವ ಹವ್ಯಾಸವು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬಹಳವಾಗಿ ಹಬ್ಬಿದೆ. ಹೀಗೆ ದೊರೆತ ಗುಂಡಿಯ ಬಲದಿಂದಲೇ ಇಂಥ ಪಟಾಲಮು ಇಂಥ ಸ್ಥಳದಲ್ಲಿತ್ತೆಂದು ನಿರ್ಣಯಿಸುವವರೂ ಉಂಟು. ಶಾಸನವೂ ನಾಣ್ಯವೂ ಪ್ರಮಾಣವಾಗುವಂತೆ ಗುಂಡಿಯೂ ಪ್ರಮಾಣವಾಗಬಲ್ಲುದೆ? ಆಗುವುದಾದರೆ ಎಷ್ಟರಮಟ್ಟಿಗೆ? ಮೈಸೂರಿನ ಯುದ್ಧಗಳಲ್ಲಿ ಕಾದಿದ ಇಂಗ್ಲಿಷ್ ಪಟಾಲಮುಗಳಿಗೂ ಸಂಖ್ಯೆಯುಳ್ಳ ಗುಂಡಿಗಳು ವಿಧಿಸಲ್ಪಟ್ಟಿದ್ದುವಾದುದರಿಂದ ಈ ಪ್ರಶ್ನೆ ನಮಗೆ ಹೊರಗಿನದಲ್ಲ. ಆದಕಾರಣ ಅದನ್ನು ಇಲ್ಲಿ ವಿಮರ್ಶಿಸಲು ಯತ್ನಿಸಿದೆ.

೧

ಮೊದಲು ಅನುಕೂಲ ಪಕ್ಷವನ್ನು ನೋಡೋಣ. ಫ್ರಾನ್ಸಿನಲ್ಲಿ ೧೭೬೨ರಲ್ಲಿಯೂ ಇಂಗ್ಲೆಂಡಿನಲ್ಲಿ ೧೭೬೭ರಲ್ಲಿಯೂ ಹೊರಟ ಆಜ್ಞೆಗಳ ಪ್ರಕಾರ ಕಾಲಾಳು ಪಟಾಲಮುಗಳ ಗುಂಡಿಗಳ ಮೇಲೆ ಆಯಾ ಪಟಾಲಮಿನ ಸಂಖ್ಯೆಯನ್ನು ಮೂಡಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಸಾಮಾನ್ಯ ಸೈನಿಕರ ಮಟ್ಟಿಗೆ ಈ ಪದ್ಧತಿ ೧೮೭೧ರವರೆಗೆ ನಡೆದು, ಆಮೇಲೆ ರಾಜಲಾಂಛನವುಳ್ಳ ಒಂದೇ ಬಗೆಯ ಗುಂಡಿ ಬಳಕೆಗೆ ಬಂದಿತು. ಲೋಹವೂ ಕಾಲವನ್ನು ಸೂಚಿಸುತ್ತದೆ. ೧೮೫೫ಕ್ಕೆ ಮುಂಚೆ ಸಾಮಾನ್ಯ ಕಾಲಾಳುಗಳ ಗುಂಡಿ ತವರದ ಮಿಶ್ರಲೋಹದ್ದು, ಅನಂತರ ಹಿತ್ತಾಳೆಯದು. ಕೆಲವು ಗುಂಡಿಗಳ ಹಿಂಬದಿಯಲ್ಲಿ ತಯಾರಕರ ಹೆಸರೂ ಅಂಗಡಿಯ ಬೀದಿಯೂ ಇರುವುದರಿಂದ ಕಾಲನಿರ್ಣಯಕ್ಕೆ ಮತ್ತೊಂದು ಆಧಾರ ದೊರೆಯುತ್ತದೆ.

ಗುಂಡಿಯ ಸಾಕ್ಷ್ಯವು ಎಷ್ಟು ಬಲವಾಗಿರಬಲ್ಲುದೆಂಬುದಕ್ಕೆ ಲಿಥುಆನಿಯಾ ದೇಶದ ವಿಲ್ನಿಯುಸ್ ನಗರವು ಒಳ್ಳೆಯ ನಿದರ್ಶನ. ೨೦೦೧ರಲ್ಲಿ ಅಲ್ಲಿ ಕಟ್ಟಡದ ಕೆಲಸಕ್ಕಾಗಿ ನೆಲವನ್ನು ಅಗೆಯುವಾಗ ರಾಶಿರಾಶಿಯಾಗಿ ಅಸ್ಥಿಗಳು ಹೊರಬಿದ್ದುವು. ಇಪ್ಪತ್ತನೆಯ ಶತಮಾನದ ಹತ್ಯಾಕಾಂಡಗಳಿಗೆ ಬಲಿಯಾದವರ ಅಸ್ಥಿಗಳಿರಬೇಕೆಂದು ಮೊದಲು ಶಂಕಿಸಲಾಯಿತು. ಆದರೆ ಅವುಗಳ ನಡುವೆ ದೊರೆತ ನಾಣ್ಯಗಳೂ ಸಂಖ್ಯೆಯುಳ್ಳ ಗುಂಡಿಗಳೂ ಆ ಶಂಕೆಯನ್ನು ನಿವಾರಿಸಿದುವು. ಅವರು ೧೮೧೨ರಲ್ಲಿ ರಷ್ಯದಿಂದ ಹಿಮ್ಮೆಟ್ಟುತ್ತ ಚಳಿ, ಹಸಿವು, ರೋಗಗಳಿಂದ ಮಡಿದ ನೆಪೋಲಿಯನ್ನನ ಸೈನಿಕರು. ಮೂರು ಸಾವಿರಕ್ಕೂ ಮಿಕ್ಕ ಜನರ ಗುರುತಿಗೆ ಈ ಸಣ್ಣ ಲೋಹದ ಬಿಲ್ಲೆಗಳು ನೆರವಾದುವು. ಇಲ್ಲಿ ಗುಂಡಿಗಳು ಅಸ್ಥಿಗಳ ಜೊತೆಯಲ್ಲಿಯೇ ದೊರೆತುವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಸಾಕ್ಷ್ಯದ ಬಲವೆಲ್ಲವೂ ಆ ಜೊತೆಯಲ್ಲಿದೆ.

೨

ಜೊತೆಯನ್ನು ಕಳೆದುಕೊಂಡು ಸಂಖ್ಯೆಯೊಂದೇ ಉಳಿದಾಗ ಎಂಥ ಭ್ರಾಂತಿಗೆ ಎಡೆಯಾಗುವುದೆಂಬುದನ್ನು ನಮ್ಮ ನಾಡಿನ ಯುದ್ಧಗಳಿಂದಲೇ ತೋರಿಸಬಹುದು. ೧೭೮೦ರಲ್ಲಿ ಪೊಳ್ಳಿಲೂರಿನ ಬಳಿ ಹೈದರಾಲಿಯ ಸೈನ್ಯವು ಬೇಲಿಯ ದಂಡನ್ನು ಧ್ವಂಸಮಾಡಿತಷ್ಟೆ. ಆ ದಂಡಿನಲ್ಲಿ ಮೆಕ್ಲೌಡನ ಹೈಲೆಂಡರ್ ಪಟಾಲಮಿನ ಎರಡು ತುಕಡಿಗಳಿದ್ದುವು. ಆಗ ಆ ಪಟಾಲಮಿನ ಸಂಖ್ಯೆ ೭೩. ಮುಂದೆ ೧೭೯೯ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದವರಲ್ಲಿಯೂ ೭೩ನೆಯ ಪಟಾಲಮು ಒಂದಿತ್ತು. ಎರಡೂ ಒಂದೇ ಎಂದು ಭಾವಿಸುವುದು ಸಹಜ. ಆದರೆ ಅದು ತಪ್ಪು. ಮೆಕ್ಲೌಡನ ಪಟಾಲಮು ೧೭೮೬ರಲ್ಲಿ ೭೧ ಎಂಬ ಸಂಖ್ಯೆಯನ್ನು ಪಡೆಯಿತು. ೭೩ ಎಂಬುದು ಅದೇ ವರ್ಷ ಬೇರೊಂದು ಪಟಾಲಮಿಗೆ ಸಂದಿತು. ಆ ಬೇರೊಂದು ಯಾವುದು? ಅದಕ್ಕೆ ಹಿಂದೆ ೪೨ನೆಯ ಪಟಾಲಮಿನ ಎರಡನೆಯ ದಳವಾಗಿದ್ದು, ೧೭೮೩ರಿಂದ ೧೭೮೪ರ ಜನವರಿಯವರೆಗೆ ಟೀಪೂಸುಲ್ತಾನನ ಮುತ್ತಿಗೆಗೆ ಎದುರಾಗಿ ಮಂಗಳೂರಿನ ಕೋಟೆಯನ್ನು ಹಿಡಿದುಕೊಂಡಿದ್ದ ದಳವೇ ಅದು.

ಆದುದರಿಂದ ಪೊಳ್ಳಿಲೂರಿನ ೭೩ಕ್ಕೂ ಶ್ರೀರಂಗಪಟ್ಟಣದ ೭೩ಕ್ಕೂ ಸಂಬಂಧವಿಲ್ಲ. ಮಂಗಳೂರಿನ ೪೨ಕ್ಕೂ ಶ್ರೀರಂಗಪಟ್ಟಣದ ೭೩ಕ್ಕೂ ಸಂಬಂಧವುಂಟು. ಸಂಖ್ಯೆಯನ್ನು ಮಾತ್ರ ನಂಬಿದವನು ಒಂದಾದುದನ್ನು ಎರಡೆಂದೂ ಎರಡಾದುದನ್ನು ಒಂದೆಂದೂ ಬಗೆಯುವನು.

ಮತ್ತೊಂದು ಉದಾಹರಣೆ. ಸ್ಕಾಚ್ ಬ್ರಿಗೇಡ್ ಎಂಬ ಪಟಾಲಮು ೧೭೯೯ರ ಮುತ್ತಿಗೆಯಲ್ಲಿ ಇತ್ತು. ಅದರ ಸಂಖ್ಯೆ ೯೪ ಎಂದು ಗ್ರಂಥಗಳಲ್ಲಿ ಕಾಣುತ್ತದೆ. ಆದರೆ ಆ ಸಂಖ್ಯೆ ಅದಕ್ಕೆ ದೊರೆತದ್ದು ೧೮೦೨ರಲ್ಲಿ. ೧೮೧೮ರಲ್ಲಿ ಅದನ್ನು ವಿಸರ್ಜಿಸಿದರು. ೧೮೨೩ರಲ್ಲಿ ಅದೇ ಸಂಖ್ಯೆಯಿಂದ ಹೊಸ ಪಟಾಲಮನ್ನು ಕಟ್ಟಿದರು. ಹೀಗಿರುವಲ್ಲಿ ಕಾವೇರಿಯ ದಂಡೆಯಲ್ಲಿ ೯೪ ಎಂಬ ಗುಂಡಿ ಯಾರಿಗಾದರೂ ದೊರೆತರೆ, ಅದನ್ನು ಟೀಪೂಸುಲ್ತಾನನು ಮಡಿದ ದಿನದ ಕುರುಹೆಂದು ಹೇಳಲಾಗದು.

೩

ಎರಡನೆಯ ಆಕ್ಷೇಪವು ಗುಂಡಿಯ ಸಂಚಾರವನ್ನು ಕುರಿತದ್ದು. ಗುಂಡಿ ಬಿದ್ದಲ್ಲಿ ಸೈನಿಕನು ಬಿದ್ದನೆಂಬ ನಿಯಮವಿಲ್ಲ. ಸೈನಿಕರ ಹಳೆಯ ಅಂಗಿಗಳು ಮಾರಾಟವಾಗಿ ಕೂಲಿಕಾರರ ಮೈಮೇಲೆ ಹೊಲಗಳಿಗೆ ಹೋಗುತ್ತಿದ್ದುವು. ಇಂಗ್ಲೆಂಡಿನಲ್ಲಿ ಉಣ್ಣೆಯ ಚಿಂದಿಯನ್ನು ಗೊಬ್ಬರವಾಗಿ ಚೆಲ್ಲುವ ವಾಡಿಕೆಯೂ ಇತ್ತು. ಚಿಂದಿ ಕೊಳೆತ ಮೇಲೆ ಗುಂಡಿ ಮಾತ್ರ ಉಳಿಯುವುದು. ಎಂದೂ ಯುದ್ಧ ನಡೆಯದ ಹೊಲದಲ್ಲಿ ಸೇನೆಯ ಗುಂಡಿ ಸಿಕ್ಕಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗುರುತರವಾದುದು. ಲೋಹಶೋಧಕ ಯಂತ್ರದ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ನೆಲದೊಳಗಣ ಲೋಹದಲ್ಲಿ ಪ್ರತಿವಿದ್ಯುತ್ತನ್ನು ಹುಟ್ಟಿಸಿ, ಅದನ್ನು ನಾದವಾಗಿ ಕಿವಿಗೆ ಮುಟ್ಟಿಸುತ್ತದೆ. ಹತ್ತಿ, ಮರ, ಎಲುಬುಗಳಿಗೆ ಈ ಯಂತ್ರವು ಕಿವುಡು. ಅಲ್ಲದೆ ಗುಂಡಿಯನ್ನೂ ನಾಣ್ಯವನ್ನೂ ಬಯಸುವವರು ಮೊಳೆಗಳ ಕಾಟವನ್ನು ತಪ್ಪಿಸಲು ಕಬ್ಬಿಣದ ನಾದವನ್ನು ಯಂತ್ರದಲ್ಲಿಯೇ ಅಡಗಿಸುವುದುಂಟು. ನಮ್ಮ ಯುದ್ಧಭೂಮಿಗಳಲ್ಲಿ ಇದರ ಪರಿಣಾಮವೇನಾದೀತು? ಮೈಸೂರಿನ ಸೈನ್ಯಕ್ಕೆ ಖ್ಯಾತಿಯನ್ನು ತಂದ ಅಗ್ನಿಬಾಣಗಳ, ಎಂದರೆ ರಾಕೆಟ್ಟುಗಳ, ಕೊಳವೆಗಳು ಕಬ್ಬಿಣದವು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ೨೦೧೮ರಲ್ಲಿ ಒಂದು ಪಾಳುಬಾವಿಯಿಂದ ಇಂಥವು ಸಾವಿರಕ್ಕೂ ಮಿಕ್ಕು ದೊರೆತುವು. ಟೀಪುವಿನ ಸೈನಿಕರು ತೊಡುತ್ತಿದ್ದ, ಹುಲಿಪಟ್ಟೆಯ ಚಿತ್ರವಿದ್ದ ಹತ್ತಿಯ ಅಂಗಿಗಳು ಮಣ್ಣಿನಲ್ಲಿ ಮಣ್ಣಾದುವು. ಇಂಗ್ಲಿಷರ ಕಡೆ ಕಾದಿದವರಲ್ಲಿಯೂ ಬಹುಮಂದಿ ಕಂಪೆನಿಯ ದೇಶೀಯ ಸಿಪಾಯಿಗಳು. ೧೭೬೭ರ ಆಜ್ಞೆಯಾದರೋ ದೊರೆಯ ಪಟಾಲಮುಗಳಿಗೆ ಸೇರಿದುದು. ಹೀಗಾಗಿ ಗುಂಡಿಯನ್ನೇ ಅರಸುವವನ ಚೀಲದೊಳಕ್ಕೆ ಬರುವುದು ಗೆದ್ದವರಲ್ಲಿ ಒಂದು ಪಾಲಿನವರ ಕುರುಹು ಮಾತ್ರ. ಸೋತವರೂ ಸಿಪಾಯಿಗಳೂ ಆ ಚರಿತ್ರೆಯಲ್ಲಿ ಇಲ್ಲವಾಗುವರು. ಇದು ಯಂತ್ರದ ದೋಷವಲ್ಲ, ಅರಸುವವನ ಆಸೆಯ ದೋಷ.

೪

ಹಾಗಾದರೆ ಈ ಯಂತ್ರವನ್ನು ವರ್ಜಿಸಬೇಕೆ? ಹಾಗೆ ಹೇಳುವುದೂ ನ್ಯಾಯವಲ್ಲ. ಅಮೆರಿಕದ ಮಾಂಟಾನಾ ಪ್ರಾಂತದಲ್ಲಿರುವ ಲಿಟಲ್ ಬಿಗ್‌ಹಾರ್ನ್ ಎಂಬ ರಣಭೂಮಿಯಲ್ಲಿ, ೧೮೭೬ರಲ್ಲಿ ಕಸ್ಟರನೂ ಅವನ ಜೊತೆಯವರೂ ಮಡಿದ ಕಣದಲ್ಲಿ, ೧೯೮೩ರಲ್ಲಿ ಕಾಳ್ಗಿಚ್ಚು ಹುಲ್ಲನ್ನು ಸುಟ್ಟು ನೆಲವನ್ನು ತೆರೆದು ತೋರಿಸಿತು. ಮುಂದಿನ ಎರಡು ವರ್ಷ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಎಂಬ ವಿದ್ವಾಂಸರು ಹವ್ಯಾಸಿಗಳನ್ನೇ ಯಂತ್ರಗಳೊಡನೆ ಸಾಲಾಗಿ ನಡೆಯಿಸಿದರು. ನಾದ ಕೇಳಿದೆಡೆಯಲ್ಲೆಲ್ಲ ಧ್ವಜ ನೆಟ್ಟರು. ಕಬ್ಬಿಣವೆಂದು ಯಾವುದನ್ನೂ ತಳ್ಳದೆ, ಪ್ರತಿಯೊಂದು ವಸ್ತುವಿನ ನೆಲೆಯನ್ನು ಅಳೆದು ಬರೆದುಕೊಂಡ ಮೇಲೆಯೇ ಎತ್ತಿದರು. ಅಲ್ಲಿಯ ಸಾಮಾನ್ಯ ಸೈನಿಕರ ಗುಂಡಿಗಳಲ್ಲಿ ಹದ್ದಿನ ಮುದ್ರೆಯುಂಟೇ ಹೊರತು ಪಟಾಲಮಿನ ಸಂಖ್ಯೆಯಿಲ್ಲ; ಸತ್ತವರ ಉಡುಪುಗಳನ್ನು ಗೆದ್ದವರು ಕಳಚಿಕೊಂಡೂ ಇದ್ದರು. ಆದರೂ ತೋಟೆಗಳ ಮೇಲೆ ಬಂದೂಕುಗಳು ಬಿಟ್ಟ ಗುರುತನ್ನೂ ಅವು ಬಿದ್ದ ಎಡೆಯನ್ನೂ ಜೋಡಿಸಿ, ಒಂದೊಂದು ಬಂದೂಕು ಕಣದಲ್ಲಿ ಎತ್ತಣಿಂದೆತ್ತ ಸಾಗಿತೆಂಬುದನ್ನು ಅರಿಯುವುದು ಸಾಧ್ಯವಾಯಿತು. ಗೆದ್ದ ಮೂಲನಿವಾಸಿಗಳ ಚಲನವೂ ಹಾಗೆಯೇ ತಿಳಿದುಬಂದಿತು.

ಯಂತ್ರ ಒಂದೇ, ಹವ್ಯಾಸಿಗಳೂ ಅಂಥವರೇ, ವ್ಯತ್ಯಾಸವಿರುವುದು ಬರೆದಿಡುವುದರಲ್ಲಿ. ಇಂಗ್ಲೆಂಡಿನ ೧೯೭೯ರ ಕಾನೂನು ಸಂರಕ್ಷಿತ ಸ್ಥಳಗಳಲ್ಲಿ ಒಪ್ಪಿಗೆಯಿಲ್ಲದೆ ಈ ಯಂತ್ರವನ್ನು ಬಳಸಕೂಡದೆನ್ನುತ್ತದೆ. ನಮ್ಮ ದೇಶದ ೧೯೫೮ರ ಕಾನೂನು ಸಂರಕ್ಷಿತ ಪ್ರದೇಶದಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದನ್ನು ನಿಷೇಧಿಸುತ್ತದೆ. ಆದರೆ ಯುದ್ಧಭೂಮಿ ಕೋಟೆಯ ಗೋಡೆಯೊಳಗೆ ಮುಗಿಯುವುದಲ್ಲ. ಅದರ ಹೆಚ್ಚಿನ ಭಾಗ ಗದ್ದೆ ತೋಟಗಳಲ್ಲಿ ಹರಡಿರುತ್ತದೆ. ಅಲ್ಲಿ ಕಾನೂನಿಗಿಂತ ವಿವೇಕವೇ ಕಾವಲು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿದು: ಗುಂಡಿಯು ಪ್ರಮಾಣವೇ ಸರಿ, ಆದರೆ ಸ್ವತಂತ್ರ ಪ್ರಮಾಣವಲ್ಲ. ನೆಲೆಯೂ ಆಳವೂ ನೆರೆಯ ವಸ್ತುಗಳೂ ಪಟಾಲಮುಗಳ ಸಂಖ್ಯೆ ಬದಲಾದ ವೃತ್ತಾಂತವೂ ಅದರ ಜೊತೆಗಿದ್ದರೆ ಅದು ಮಾತನಾಡುತ್ತದೆ. ಇವುಗಳಿಂದ ಅಗಲಿಸಿ ಪೆಟ್ಟಿಗೆಯಲ್ಲಿಟ್ಟ ಗುಂಡಿ ಹಾಳೆ ಹರಿದುಹೋದ ಗ್ರಂಥದ ಪುಟಸಂಖ್ಯೆಯಂತೆ. ಅಂಕಿಯೇನೋ ಸ್ಪಷ್ಟ, ಓದುವುದಕ್ಕೆ ಏನೂ ಇಲ್ಲ.