ಬಿದ್ದ ಕನಸು, ಕಂಡ ಕನಸು

ನಮ್ಮ ಕಡೆ ಕನಸು ಬೀಳುತ್ತದೆ. "ನಿನ್ನೆ ರಾತ್ರಿ ಒಂದ್ ಕನಸ ಬಿದ್ದಿತ್ರಿ" ಎಂದೇ ಹಿಂದವಾಡಿಯ ನಮ್ಮ ಓಣಿಯಲ್ಲಿ ಮಾತು ಶುರುವಾಗುತ್ತದೆ. ಪುಸ್ತಕದ ಕನ್ನಡದಲ್ಲಿ ಮಾತ್ರ ನಾವು ಕನಸನ್ನು ಕಾಣುತ್ತೇವೆ. ಒಂದರಲ್ಲಿ 'ನನಗೆ', ಇನ್ನೊಂದರಲ್ಲಿ 'ನಾನು'. ಮಳೆಯಂತೆ ಬಿದ್ದ ಕನಸಿಗೆ ನಾನು ಹೊಣೆಯಲ್ಲ. ಕಂಡ ಕನಸಿನಲ್ಲಾದರೆ ನನ್ನದೂ ಒಂದು ಪಾಲಿದೆ.

ಅವ್ವ ತೀರಿಕೊಂಡ ಮೇಲೆ ಈ ವ್ಯತ್ಯಾಸ ನನಗೆ ಬರೀ ವ್ಯಾಕರಣದ್ದಾಗಿ ಉಳಿಯಲಿಲ್ಲ. ಒಂದು ನಸುಕಿನಲ್ಲಿ ಅವಳು ಹಿತ್ತಲಲ್ಲಿ ನನಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು. ಅವ್ವ ಈಗ ಇಲ್ಲ, ಹಾಗಾದರೆ ಇದು ಕನಸು ಎಂದು ನನಗೆ ಕನಸಿನೊಳಗೇ ಹೊಳೆಯಿತು. ಎಚ್ಚರವಾಗಲಿಲ್ಲ. ಕನಸು ನನ್ನದೇ ಆದಮೇಲೆ ಅವಳನ್ನು ತಿರುಗಿಸಬಹುದಲ್ಲ ಅಂದುಕೊಂಡೆ. ತಿರುಗಲಿ ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಅವಳು ತಿರುಗಲಿಲ್ಲ. ನಾನು ಹಟ ಮಾಡಿದಷ್ಟೂ ಹಿತ್ತಲು ಮಸುಕಾಗುತ್ತ ಹೋಗಿ ಕೊನೆಗೆ ಫ್ಯಾನಿನ ಸದ್ದು ಉಳಿಯಿತು.

ಇಂಥ ಕನಸಿಗೆ ಡಚ್ ಲೇಖಕ, ವೈದ್ಯ ಫ್ರೆಡರಿಕ್ ವಾನ್ ಏಡನ್ 1913ರಲ್ಲಿ 'ಲೂಸಿಡ್ ಡ್ರೀಮ್' ಎಂಬ ಹೆಸರನ್ನು ಬಳಕೆಗೆ ತಂದ. ಕನ್ನಡದಲ್ಲಿ 'ತಿಳಿಗನಸು' ಎನ್ನೋಣ. 'ತಿಳಿ' ಎಂದರೆ ನಿರ್ಮಲ ಎಂದೂ ಆಯಿತು, ಅರಿ ಎಂದೂ ಆಯಿತು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದಕ್ಕೆ ಪುರಾವೆ ಹಿಡಿದರು. ಕನಸಿನ ನಿದ್ರೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲಾಗಿದ್ದರೂ ಕಣ್ಣು ಆಡುತ್ತಿರುತ್ತದೆ. ಮಲಗಿದ್ದ ವ್ಯಕ್ತಿ, ಮೊದಲೇ ಮಾತಾಡಿಕೊಂಡಂತೆ, ಕನಸಿನೊಳಗಿಂದ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸನ್ನೆ ಮಾಡಿದ. ಕೆಲ ವರ್ಷಗಳಲ್ಲಿ ಅಮೆರಿಕದ ಸ್ಟೀಫನ್ ಲಾಬರ್ಜ್ ಕೂಡ ಇದನ್ನೇ ಸ್ವತಂತ್ರವಾಗಿ ತೋರಿಸಿದರು. ಆದರೆ ಆ ಕಣ್ಸನ್ನೆ ಹೇಳುವುದು 'ಇದು ಕನಸೆಂದು ನನಗೆ ಗೊತ್ತು' ಎಂದಷ್ಟೆ. ಕನಸು ನನ್ನ ಮಾತು ಕೇಳುತ್ತದೆ ಎನ್ನುವುದು ಬೇರೆ ಸಂಗತಿ. ನಾವು ಈ ಎರಡನ್ನೂ ಗಂಟು ಹಾಕಿಬಿಡುತ್ತೇವೆ.

ಈ ಗಂಟು ಬಿಡಿಸಲು ನಾನು ದೂರ ಹೋಗಬೇಕಾಗಲಿಲ್ಲ. ಗುರುದೇವ ರಾನಡೆಯವರ ಹೆಸರಿನೊಂದಿಗೆ ಬೆರೆತುಹೋದ ತತ್ತ್ವಶಾಸ್ತ್ರದ ಅಕಾಡೆಮಿ ಇರುವುದು ಹಿಂದವಾಡಿಯಲ್ಲೇ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ರಾನಡೆಯವರು ಉಪನಿಷತ್ತುಗಳ ಬಗ್ಗೆ 1926ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ನಿದ್ರೆ ಮತ್ತು ಕನಸನ್ನು ಮನಶ್ಶಾಸ್ತ್ರದ ಪ್ರಶ್ನೆಯಾಗಿಯೇ ಎತ್ತಿಕೊಳ್ಳುತ್ತಾರೆ. ಅದನ್ನು ಹಿಡಿದು ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯಕ್ಕೆ ಹೋದರೆ ಅಲ್ಲಿ ಯಾಜ್ಞವಲ್ಕ್ಯ ಜನಕನಿಗೆ ಕನಸಿನ ವಿಚಾರ ಹೇಳುತ್ತಿದ್ದಾನೆ. ಅಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ. ಕನಸುವವನೇ ಅವನ್ನೆಲ್ಲ ಸೃಷ್ಟಿಸಿಕೊಳ್ಳುತ್ತಾನೆ, ಅವನೇ ಕರ್ತೃ. ಅದೇ ಪ್ರಕರಣದಲ್ಲಿ ಸ್ವಲ್ಪ ಮುಂದೆ ಹೋದರೆ ಈ ಕರ್ತೃವಿನ ಬೆನ್ನಿಗೆ ಆನೆ ಬಿದ್ದಂತಿದೆ, ಅವನು ಗುಂಡಿಗೆ ಬೀಳುತ್ತಿರುವಂತಿದೆ. ಎಚ್ಚರದಲ್ಲಿ ಕಂಡ ಭಯವನ್ನೇ ಅವಿದ್ಯೆಯಿಂದ ಅಲ್ಲಿಯೂ ಕಲ್ಪಿಸಿಕೊಳ್ಳುತ್ತಾನೆ ಎಂಬುದು ಋಷಿಯ ವಿವರಣೆ.

ಆನೆಯನ್ನು ಮಾಡಿದವನೂ ಅವನೇ, ಓಡುವವನೂ ಅವನೇ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಎತ್ತುವ ಆಕ್ಷೇಪ ಇಲ್ಲಿ ನೇರ ತಾಗುತ್ತದೆ: ಕನಸು ನಮ್ಮ ಸಂಕಲ್ಪದಂತೆ ನಡೆಯುವುದಾದರೆ ಕೆಟ್ಟ ಕನಸನ್ನು ಯಾರೂ ಕಾಣುತ್ತಿರಲಿಲ್ಲ, ಬೇಡವಾದದ್ದನ್ನು ಯಾರೂ ಸಂಕಲ್ಪಿಸುವುದಿಲ್ಲವಲ್ಲ! ಅಂದರೆ ಕನಸು ನಮ್ಮೊಳಗಿಂದಲೇ ಬರುತ್ತದೆ, ಆದರೂ ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ನಮ್ಮ ಓಣಿಯ 'ಬಿದ್ದಿತ್ರಿ' ಶಂಕರರ ಪಕ್ಷದಲ್ಲಿದೆ.

ಈ ವಾದಕ್ಕೆ ಕನ್ನಡದಲ್ಲಿ ಬಂದ ಗಟ್ಟಿ ಉತ್ತರವನ್ನು ನಾನು ಕಂಡದ್ದು ಒಂದು ಸಿನಿಮಾದಲ್ಲಿ. ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' 2013ರಲ್ಲಿ ತೆರೆಕಂಡಾಗ ಹೆಚ್ಚು ಮಾತಾದದ್ದು ಅದರ ಹಣದ ಬಗ್ಗೆ. ನೂರಕ್ಕೂ ಹೆಚ್ಚು ಜನ ದುಡ್ಡು ಹಾಕಿ ಮಾಡಿಸಿದ ಚಿತ್ರವದು. ನಿದ್ದೆ ಬಾರದ ನಿಕ್ಕಿ (ಸತೀಶ್ ನೀನಾಸಂ) ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವವನು. ಬೇಕಾದ ಕನಸು ಬೀಳಿಸುವ ಮಾತ್ರೆ ಅವನಿಗೆ ಸಿಗುತ್ತದೆ. ಕನಸಿನಲ್ಲಿ ಅವನು ಸಿನಿಮಾ ನಟ. ಕನಸು ಕಪ್ಪು ಬಿಳುಪು, ಬದುಕು ಬಣ್ಣ. ಹತ್ತು ವರ್ಷ ದಾಟಿದ ಚಿತ್ರದ ಗುಟ್ಟನ್ನು ಈಗ ಹೇಳಿದರೆ ತಪ್ಪಾಗಲಾರದು: ಕೊನೆಗೆ ಎಲ್ಲ ತಿರುವುಮುರುವಾಗುತ್ತದೆ. ನಟನೇ ನಿಜ, ಟಾರ್ಚಿನವನೇ ಅವನ ಕನಸು.

ಈ ತಿರುವನ್ನು ಜಾಣ್ಮೆಯೆಂದು ಹೊಗಳಿದವರೇ ಹೆಚ್ಚು. ನನಗೆ ಅದು ಶಂಕರರಿಗೆ ಕೊಟ್ಟ ಉತ್ತರದಂತೆ ಕಾಣುತ್ತದೆ. ಬೇಡವಾದದ್ದನ್ನು ಯಾರೂ ಸಂಕಲ್ಪಿಸುವುದಿಲ್ಲವೇ? ಇಲ್ಲಿ ಎಲ್ಲವೂ ಇರುವ ಒಬ್ಬ ನಟ ಬಡತನವನ್ನು, ಅವಮಾನವನ್ನು, ನೂರು ಜನರ ಕಾಲಡಿಯ ಕತ್ತಲನ್ನು ಸಂಕಲ್ಪಿಸುತ್ತಾನೆ. ಏಕೆಂದರೆ ಆ ಬದುಕಿನಲ್ಲಿ ಅವನನ್ನು ಅವನಾಗಿಯೇ ಒಬ್ಬಳು ಪ್ರೀತಿಸಬಲ್ಲಳು. ನಮಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂಬುದೇ ನಮಗೆ ಸರಿಯಾಗಿ ಗೊತ್ತಿಲ್ಲದಿದ್ದರೆ? ಕೆಟ್ಟ ಕನಸಿನಲ್ಲೂ ನಮ್ಮ ಯಾವುದೋ ಬಯಕೆ ಕೂತಿರಬಹುದು.

ಚಿತ್ರದ ಸೋಲು ಇರುವುದೂ ಇದೇ ಜಾಗದಲ್ಲಿ. ನಿಕ್ಕಿಗೆ ಮಾತ್ರೆಯಿಂದ ಹಿಡಿತ ಸಿಕ್ಕಿತು, ಅರಿವು ಸಿಗಲಿಲ್ಲ. ಕನಸಿನೊಳಗೆ ನಿಂತು 'ಇದು ಕನಸು' ಎಂದು ಅವನು ತಿಳಿಯುವ ಒಂದು ಗಳಿಗೆಯನ್ನು ಚಿತ್ರ ನಮ್ಮ ಮುಂದೆ ತಂದು ನಿಲ್ಲಿಸುವುದಿಲ್ಲ. ತಂದಿದ್ದರೆ ಗುಟ್ಟು ಬಯಲಾಗುತ್ತಿತ್ತು. ಪ್ರೇಕ್ಷಕರನ್ನು ಬೆರಗಾಗಿಸುವ ಆಸೆಗೆ ಚಿತ್ರ ತನ್ನ ನಾಯಕನ ತಿಳಿವನ್ನು ಬಲಿಕೊಟ್ಟಿದೆ. ಪೊಲೀಸ್ ತನಿಖೆಯ ಭಾಗ ಸಡಿಲವೆನಿಸುವುದೂ ಅದಕ್ಕೇ. ಒಳಗಿನಿಂದ ಆಗಬೇಕಿದ್ದ ಪತ್ತೆಯನ್ನು ಅದು ಹೊರಗಿನವರ ಕೈಗೆ ಕೊಡುತ್ತದೆ.

ಆದರೆ ಎರಡನೆಯ ಸಲ ನೋಡಿದಾಗ ಆ ತಿಳಿವು ನಮ್ಮ ಪಾಲಿಗೆ ಬರುತ್ತದೆ. ಬಣ್ಣದ ಪ್ರತಿ ದೃಶ್ಯವೂ ಕನಸೆಂದು ನಮಗೆ ಗೊತ್ತು. ಅದರಲ್ಲಿ ಒಂದನ್ನೂ ಬದಲಿಸಲಾರೆವು. ಆದರೂ ನಿಕ್ಕಿಯ ಪ್ರೀತಿಗೆ ಕರಗುತ್ತೇವೆ. ತಿಳಿಗನಸೆಂದರೆ ಬಹುಶಃ ಇಷ್ಟೇ. ಟಾರ್ಚ್ ಹಿಡಿದವನು ಪರದೆಯ ಮೇಲಿನ ಕಥೆಯನ್ನು ಬದಲಿಸಲಾರ. ನಾವು ಎಲ್ಲಿ ಕೂತಿದ್ದೇವೆ ಎಂಬುದನ್ನು ಮಾತ್ರ ತೋರಿಸಬಲ್ಲ. ಅವನ ಕೈಗೆ ಚಿತ್ರ ಓಡಿಸುವ ಕೆಲಸವನ್ನೂ ಕೊಡುವ ಆಸೆ ನಮ್ಮದು.

ಹಿತ್ತಲಲ್ಲಿ ನಾನು ಮಾಡಿದ ತಪ್ಪೂ ಅದೇ ಇರಬೇಕು. ಇದು ಕನಸೆಂದು ತಿಳಿದ ಮರುಗಳಿಗೆ ಯಜಮಾನಿಕೆಗೆ ಇಳಿದೆ. ಅವ್ವ ತಿರುಗಿದ್ದರೂ ನನಗೆ ಗೊತ್ತಿರುವ ಮಾತನ್ನೇ, ನಾನು ಕೊಟ್ಟ ಮಾತನ್ನೇ ಆಡುತ್ತಿದ್ದಳೇನೋ. ತಿರುಗದೆ ಕೂತ ಆ ಬೆನ್ನು ಮಾತ್ರ ನನ್ನ ಮಾತು ಕೇಳಲಿಲ್ಲ. ಅದಕ್ಕೇ ಅದು ಅವಳದೇ ಅನಿಸಿತು.

ಇನ್ನೊಮ್ಮೆ ಆ ಹಿತ್ತಲು ಸಿಕ್ಕರೆ ಏನನ್ನೂ ಕೇಳದೆ ಪಕ್ಕದಲ್ಲಿ ಕೂತು ಅಕ್ಕಿ ಆರಿಸಬೇಕೆಂದಿದ್ದೇನೆ. ಅಲ್ಲಿಯವರೆಗೆ ಅದನ್ನು ನಾನು ಕಂಡ ಕನಸು ಅನ್ನಲಾರೆ. ನನಗೆ ಬಿದ್ದ ಕನಸು, ಅಷ್ಟೆ.